ಸೆಕೆಂಡ್ ಹ್ಯಾಂಡ್ ದೊಡ್ಡ ಕ್ರೂಸರ್ ಕೊಳ್ಳುವಿರಾ? ಮೊದಲು ತಳ್ಳಿ ನೋಡಿ, ಆಮೇಲೆ ಓಡಿಸಿ

"ಸಿಂಗಲ್ ಓನರ್, 2023 ಮಾಡೆಲ್, ಬರೀ 5,000 ಕಿ.ಮೀ. ಓಡಿದೆ, ಶೋರೂಂ ಕಂಡೀಷನ್, ಅರ್ಜೆಂಟ್ ಸೇಲ್." ತಗ್ಗು ಸೀಟಿನ, ಕಾಲು ಮುಂದಕ್ಕೆ ಚಾಚಿ ಕೂರುವ ದೊಡ್ಡ ಕ್ರೂಸರ್ ಬೈಕುಗಳ ಜಾಹೀರಾತು ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಕಡಿಮೆ ಕಿಲೋಮೀಟರ್ ನೋಡಿದ ಕೂಡಲೇ ಬಾಯಲ್ಲಿ ನೀರೂರುತ್ತದೆ. ಆದರೆ ಸ್ವಲ್ಪ ತಡೆದು ಯೋಚಿಸಿ. ಲಕ್ಷಗಟ್ಟಲೆ ಸುರಿದು, ಆಸೆಪಟ್ಟು ಕೊಂಡ ಗಾಡಿಯನ್ನು ಈ ಮನುಷ್ಯ ಯಾಕೆ ಓಡಿಸಲಿಲ್ಲ?

ಎಷ್ಟೋ ಸಲ ಉತ್ತರ ಎಂಜಿನ್ನಿನಲ್ಲಿ ಇರುವುದಿಲ್ಲ, ಪಾರ್ಕಿಂಗಿನಲ್ಲಿ ಇರುತ್ತದೆ. ಬೆಳಿಗ್ಗೆ ಎದ್ದು ಇಷ್ಟು ಭಾರದ ಗಾಡಿಯನ್ನು ಕಂಬದ ಹಿಂದಿನಿಂದ ಹಿಂದೆ ಮುಂದೆ ತಳ್ಳಿ ಹೊರಗೆ ತೆಗೆಯುವ ಹೊತ್ತಿಗೆ ಪಕ್ಕದಲ್ಲಿರುವ ಸ್ಕೂಟರೇ ವಾಸಿ ಅನಿಸಿಬಿಡುತ್ತದೆ. ಹಾಗೆ ಅನಿಸಿದ ದಿನಗಳೆಲ್ಲ ಸೇರಿದರೆ ಮೀಟರ್ 5,000ಕ್ಕೇ ನಿಲ್ಲುತ್ತದೆ. ಆದ್ದರಿಂದ ಗಾಡಿ ಚೆನ್ನಾಗಿದೆಯೇ ಎಂದು ನೋಡುವುದಕ್ಕಿಂತ ಮೊದಲು, ಅದು ನಿಮಗೆ ಒಗ್ಗುತ್ತದೆಯೇ ಎಂದು ನೋಡಬೇಕು. ಒಗ್ಗದಿದ್ದರೆ ಮುಂದಿನ "ಅರ್ಜೆಂಟ್ ಸೇಲ್" ಜಾಹೀರಾತು ನಿಮ್ಮದೇ.

ಇಲ್ಲಿ ಮುಖ್ಯ ಉದಾಹರಣೆಯಾಗಿ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಹಿಡಿದಿದ್ದೇನೆ. ನಮ್ಮ ರಸ್ತೆಗಳಲ್ಲಿ ಹೆಚ್ಚು ಕಣ್ಣಿಗೆ ಬೀಳುವ ದೊಡ್ಡ ಕ್ರೂಸರ್ ಅದೇ. ಕವಾಸಾಕಿ ವಲ್ಕನ್ ಎಸ್, ಹಾರ್ಲೆ ಡೇವಿಡ್‌ಸನ್ ಸ್ಟ್ರೀಟ್ 750 ನೋಡುತ್ತಿರುವವರಿಗೂ ಪರೀಕ್ಷೆಯ ಕ್ರಮ ಇದೇ.

ಮೊದಲು, ಇದರಲ್ಲಿ ಅಂಥದ್ದೇನಿದೆ?

ಸೂಪರ್ ಮೀಟಿಯರ್ ನಮ್ಮಲ್ಲಿ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಆಗ ಎಕ್ಸ್ ಶೋರೂಂ ಬೆಲೆ 3.49 ಲಕ್ಷ ರೂಪಾಯಿಯಿಂದ ಶುರುವಾಗುತ್ತಿತ್ತು. 648 ಸಿಸಿಯ ಎರಡು ಸಿಲಿಂಡರ್ ಎಂಜಿನ್, 47 ಪಿಎಸ್ (ಹೆಚ್ಚುಕಮ್ಮಿ ಅಶ್ವಶಕ್ತಿ) ಶಕ್ತಿ, 52.3 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಆರು ಗೇರ್. ಸೀಟು ನೆಲದಿಂದ 740 ಮಿ.ಮೀ. ಎತ್ತರ, ಐದಡಿ ಮೂರಂಗುಲದವರ ಕಾಲೂ ನೆಲಕ್ಕೆ ಸರಾಗವಾಗಿ ಎಟಕುತ್ತದೆ. ಟ್ಯಾಂಕಿನಲ್ಲಿ 15.7 ಲೀಟರ್ ಹಿಡಿಯುತ್ತದೆ. ಹೆದ್ದಾರಿಯಲ್ಲಿ ಲೀಟರಿಗೆ 25 ಕಿ.ಮೀ. ಆಸುಪಾಸು ಸಿಕ್ಕರೆ ಒಂದು ಟ್ಯಾಂಕಿಗೆ 350 ಕಿ.ಮೀ. ದಾಟಬಹುದು.

ಶಕ್ತಿಯ ಅಂಕಿ ನೋಡಿ ಮೂಗು ಮುರಿಯುವವರಿದ್ದಾರೆ. ಇದಕ್ಕಿಂತ ಎಷ್ಟೋ ಹಗುರವಾದ ಸ್ಪೋರ್ಟ್ಸ್ ಬೈಕಿನಲ್ಲೂ 40ಕ್ಕೆ ಹತ್ತಿರದ ಪಿಎಸ್ ಸಿಗುತ್ತದೆ, ನಿಜ. ಆದರೆ ಕ್ರೂಸರ್ ಕೊಳ್ಳುವವರು ಕೊಳ್ಳುವುದು ಟಾರ್ಕನ್ನು. ಈ ಎಂಜಿನ್ನಿನ ಟಾರ್ಕಿನಲ್ಲಿ ಶೇ. 80ರಷ್ಟು ನಿಮಿಷಕ್ಕೆ 2,500 ಸುತ್ತಿಗೇ (ಆರ್‌ಪಿಎಂ) ಸಿಕ್ಕಿಬಿಡುತ್ತದೆ ಎಂಬುದು ಕಂಪನಿಯ ಲೆಕ್ಕ. ಅಂದರೆ ಶಿರಾ ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಮುಂದಿನ ಲಾರಿಯನ್ನು ಹಿಂದೆ ಹಾಕಲು ಗೇರ್ ಇಳಿಸಿ ಎಂಜಿನ್ ಅರಚಿಸಬೇಕಾಗಿಲ್ಲ. ಆಕ್ಸಿಲರೇಟರ್ ಚೂರು ತಿರುವಿದರೆ ಸಾಕು.

ಇನ್ನು ಶಬ್ದ. ಕ್ರೂಸರ್ ಅಂದರೆ ಅರ್ಧ ಜನಕ್ಕೆ ಶಬ್ದವೇ. ಹಾರ್ಲೆಯ ದೊಡ್ಡ ವಿ-ಟ್ವಿನ್ ಎಂಜಿನ್ನಿನಲ್ಲಿ ಎರಡು ಸಿಲಿಂಡರುಗಳು ಇಂಗ್ಲಿಷಿನ V ಅಕ್ಷರದ ಹಾಗೆ 45 ಡಿಗ್ರಿ ಕೋನದಲ್ಲಿ ನಿಂತು ಒಂದೇ ಕ್ರ್ಯಾಂಕ್ ಪಿನ್ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ದಂಡದ ಗೂಟ) ಹಂಚಿಕೊಳ್ಳುತ್ತವೆ. ಹಾಗಾಗಿ ಎರಡು ಸ್ಫೋಟಗಳ ನಡುವಿನ ಅಂತರ ಒಮ್ಮೆ 315 ಡಿಗ್ರಿ, ಇನ್ನೊಮ್ಮೆ 405 ಡಿಗ್ರಿ. ಆ ಕುಂಟು ತಾಳವೇ ಅದರ ಗುರುತು. ಸೂಪರ್ ಮೀಟಿಯರಿನ ಸಿಲಿಂಡರುಗಳು ಅಕ್ಕಪಕ್ಕ ನಿಂತಿದ್ದರೂ ಕ್ರ್ಯಾಂಕ್ 270 ಡಿಗ್ರಿಯದು. ಅದರಿಂದ 90 ಡಿಗ್ರಿ ವಿ-ಟ್ವಿನ್ನಿನ ತಾಳ ಬರುತ್ತದೆ: ಸಮವಲ್ಲದ, ಗಂಟಲೊಳಗೆ ಗುಡುಗುವ ಸದ್ದು. ಇದಕ್ಕೆ ಕಂಪನಿಯ ಸೈಲೆನ್ಸರ್ ಸಾಕು. ಅದನ್ನು ಕಿತ್ತು ಬೇರೆ ಹಾಕಿಸಿದ ಗಾಡಿ ಸಿಕ್ಕರೆ ಏನು ಮಾಡಬೇಕೆಂದು ಮುಂದೆ ಹೇಳುತ್ತೇನೆ.

ದಾರಿ ತೋರಿಸುವ ಟ್ರಿಪ್ಪರ್ ಪರದೆ, ಯುಎಸ್‌ಬಿ, ಎಲ್‌ಇಡಿ ದೀಪ ಇವೆಲ್ಲ ಇವೆ. ಇವುಗಳಿಗಾಗಿ ಯಾರೂ ಕ್ರೂಸರ್ ಕೊಳ್ಳುವುದಿಲ್ಲ.

650 ಬೇಕೋ, 350 ಸಾಕೋ

2025ರ ಸೆಪ್ಟೆಂಬರ್ 22ರಿಂದ ಈ ಪ್ರಶ್ನೆಗೆ ಹೊಸ ತೂಕ ಬಂದಿದೆ. ಅಲ್ಲಿಯವರೆಗೆ 350 ಸಿಸಿ ಒಳಗಿನ ಬೈಕಿಗೆ ಶೇ. 28 ಜಿಎಸ್‌ಟಿ, ಮೇಲಿನದಕ್ಕೆ ಸೆಸ್ ಸೇರಿ ಶೇ. 31 ಇತ್ತು. ಈಗ ಸಣ್ಣದಕ್ಕೆ ಶೇ. 18, ದೊಡ್ಡದಕ್ಕೆ ಶೇ. 40. ತೆರಿಗೆಯ ಲೆಕ್ಕ ಒಂದನ್ನೇ ಹಿಡಿದರೆ 650ರ ಬೆಲೆ ಸುಮಾರು ಶೇ. 7ರಷ್ಟು ಏರಬೇಕು, 350ರದ್ದು ಅದಕ್ಕಿಂತ ಚೂರು ಹೆಚ್ಚೇ ಇಳಿಯಬೇಕು. ಅದರ ಮೇಲೆ ಕರ್ನಾಟಕದಲ್ಲಿ ಲಕ್ಷ ರೂಪಾಯಿ ದಾಟಿದ ಬೈಕಿಗೆ ಶೇ. 18ರ ಜೀವಾವಧಿ ತೆರಿಗೆ, ಅದಕ್ಕೊಂದು ಸೆಸ್. ಹೊಸ ದೊಡ್ಡ ಬೈಕಿನ ಆನ್ ರೋಡ್ ಬೆಲೆ ಕೇಳಿ ತಲೆ ತಿರುಗಿದವರು ಸೆಕೆಂಡ್ ಹ್ಯಾಂಡ್ ಕಡೆ ಹೊರಳುತ್ತಾರೆ. ಹಳೆಯ ಗಾಡಿ ಮಾರುವವರೂ ಇದನ್ನು ಬಲ್ಲರು, ಚೌಕಾಸಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ನಿಮ್ಮ ಓಡಾಟದಲ್ಲಿ ಮುಕ್ಕಾಲು ಪಾಲು ಊರೊಳಗೇ ಆದರೆ 349 ಸಿಸಿಯ ಮೀಟಿಯರ್ 350 ಸಾಕು. ಅದರ ತೂಕ 191 ಕೆ.ಜಿ. ಹೆದ್ದಾರಿಯಲ್ಲಿ 100ರ ವೇಗವನ್ನು ಇಬ್ಬರನ್ನೂ ಲಗೇಜನ್ನೂ ಹೊತ್ತು ತಾಸುಗಟ್ಟಲೆ ಹಿಡಿಯಬೇಕು ಅನ್ನುವವರು ಮಾತ್ರ 650ಕ್ಕೆ ಹೋಗಲಿ. ಮೈಸೂರಿಗೆ ಹೋಗಿಬರಲು ಎಂದುಕೊಂಡವರು ನೆನಪಿಡಿ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. 650 ಸಿಸಿ ಇದ್ದರೂ ಪಕ್ಕದ ಸರ್ವಿಸ್ ರಸ್ತೆಯೇ ಗತಿ.

ಎಂಜಿನ್ ಆರಿಸಿಯೇ ಮೊದಲ ಪರೀಕ್ಷೆ

ಮಾರುವವರ ಮನೆಗೆ ಹೋದಾಗ ಅವರು ಕೀಲಿ ತಿರುವಿ ಶಬ್ದ ಕೇಳಿಸಲು ಹವಣಿಸುತ್ತಾರೆ. "ಇರಲಿ ಸರ್, ಮೊದಲು ನಾನೇ ಸ್ವಲ್ಪ ತಳ್ಳಿ ನೋಡ್ತೀನಿ" ಅನ್ನಿ.

ಸೂಪರ್ ಮೀಟಿಯರ್ 241 ಕೆ.ಜಿ. ಇದೆ, ಹೆಚ್ಚುಕಮ್ಮಿ ಐದು ಮೂಟೆ ಸಿಮೆಂಟು. ಎಡಗಡೆ ನಿಂತು, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ನೇರ ಮಾಡಿ, ಸೊಂಟವನ್ನು ಟ್ಯಾಂಕಿಗೆ ತಾಗಿಸಿಕೊಂಡು ಸೈಡ್ ಸ್ಟ್ಯಾಂಡಿನಿಂದ ಮೇಲೆತ್ತಿ. ಈ ಎತ್ತುವಿಕೆಯಲ್ಲೇ ಉಸಿರು ಬಿಗಿ ಹಿಡಿದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಆಮೇಲೆ ಗಾಡಿಯನ್ನು ಹಿಂದಕ್ಕೆ ಹತ್ತು ಹೆಜ್ಜೆ, ಮುಂದಕ್ಕೆ ಹತ್ತು ಹೆಜ್ಜೆ ತಳ್ಳಿ. ಹ್ಯಾಂಡಲ್ ಪೂರ್ತಿ ತಿರುಗಿಸಿ ಒಂದು ಅರ್ಧ ಸುತ್ತು. ಹಿಂದಕ್ಕೆ ತಳ್ಳುವಾಗ ನೆಲ ಚೂರೇ ಏರಿದ್ದರೂ ಗೊತ್ತಾಗುತ್ತದೆ. ಕೂತುಕೊಂಡು ಕಾಲಿನಿಂದ ಹಿಂದೆ ಸರಿಸುವುದನ್ನೂ ನೋಡಿ: ಸೀಟು ತಗ್ಗಾಗಿದ್ದರೂ ಗಾಡಿಯ ನಡು ಅಗಲ, ಮೊಣಕಾಲು ಮಡಚಿ ಒತ್ತುವ ಬಲ ನಿಮ್ಮಲ್ಲಿದೆಯೇ?

ಈಗ ನಿಮ್ಮ ಮನೆಯ ಗೇಟು ನೆನಪಿಸಿಕೊಳ್ಳಿ. ಚರಂಡಿಯ ಮೇಲಿನ ಕಡಿದಾದ ಸಿಮೆಂಟ್ ಇಳಿಜಾರು ಹತ್ತಿ ಒಳಗೆ ಹೋಗಬೇಕಾದ ಮನೆಯಾದರೆ ಎರಡು ಅಂಕಿ ಮುಖ್ಯ. ಎರಡು ಚಕ್ರಗಳ ನಡುವಿನ ಅಂತರ 1,500 ಮಿ.ಮೀ., ನೆಲದಿಂದ ಗಾಡಿಯ ತಳಕ್ಕೆ 135 ಮಿ.ಮೀ. ಮುಂದಿನ ಚಕ್ರ ದಿಬ್ಬ ಹತ್ತಿ ಒಳಗಿಳಿದು, ಹಿಂದಿನದು ಇನ್ನೂ ರಸ್ತೆಯಲ್ಲಿರುವಾಗ ನಡುಭಾಗ ನೆತ್ತಿಗೆ ತಾಗಬಹುದು. ಹಳ್ಳಿಗಳಲ್ಲಿ ಊರವರೇ ಹಾಕಿಕೊಂಡ, ಅಳತೆಯಿಲ್ಲದ ಹಂಪುಗಳದ್ದೂ ಇದೇ ಕತೆ, ಅದರಲ್ಲೂ ಹಿಂದೆ ಒಬ್ಬರು ಕೂತಾಗ. ಮನೆಯಿಂದ ಒಂದು ಟೇಪು ತೆಗೆದುಕೊಂಡು ಹೋಗಿ ಅಳೆದರೆ ನಾಚಿಕೆಯೇನಿಲ್ಲ.

ಕೂತು ನೋಡಿ, ಜೊತೆಗೆ ಕೂರುವವರನ್ನೂ ಕೂರಿಸಿ

ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗಿಟ್ಟು ಕೂರುವ ಭಂಗಿ ಮೊದಲ ಒಂದು ತಾಸು ಸ್ವರ್ಗ. ಆಮೇಲೆ ಏನಾಗುತ್ತದೆ ಎಂಬುದನ್ನು ಯಾವ ಬ್ರೋಷರೂ ಹೇಳುವುದಿಲ್ಲ. ಸಾಮಾನ್ಯ ಬೈಕಿನಲ್ಲಿ ಕಾಲು ಕೆಳಗಿರುವುದರಿಂದ ಗುಂಡಿ ಬಂದಾಗ ಫುಟ್‌ರೆಸ್ಟ್ ಮೇಲೆ ಚೂರು ಎದ್ದು ಪೆಟ್ಟು ತಪ್ಪಿಸಿಕೊಳ್ಳುತ್ತೇವೆ. ಇಲ್ಲಿ ಕಾಲು ಮುಂದಿದೆ, ಏಳಲಾಗುವುದಿಲ್ಲ. ಮೈಭಾರವೆಲ್ಲ ಬೆನ್ನುಮೂಳೆಯ ತುದಿಯ ಮೇಲೆ. ಹಿಂದಿನ ಶಾಕ್ ಅಬ್ಸಾರ್ಬರ್ ಆಡುವುದು 101 ಮಿ.ಮೀ. ಮಾತ್ರ. ಮಳೆಗಾಲ ಮುಗಿದ ಮೇಲೆ ಮಲೆನಾಡಿನ ರಸ್ತೆಗಳು ಹೇಗಿರುತ್ತವೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಂಟನೋವು, ಡಿಸ್ಕ್ ತೊಂದರೆ ಇರುವವರು ಅರ್ಧ ತಾಸಾದರೂ ಕೆಟ್ಟ ರಸ್ತೆಯಲ್ಲಿ ಓಡಿಸದೆ ಮುಂಗಡ ಕೊಡಲೇಬೇಡಿ.

ಗಾಳಿಯದ್ದು ಇನ್ನೊಂದು ಪಾಡು. ಎದೆ ತೆರೆದು ಕೂರುವುದರಿಂದ 90 ದಾಟಿದ ಮೇಲೆ ಗಾಳಿ ಮೈಯನ್ನು ಹಿಂದಕ್ಕೆ ನೂಕುತ್ತಿರುತ್ತದೆ. ಹ್ಯಾಂಡಲ್ ಹಿಡಿದ ತೋಳು ಸೋಲುತ್ತದೆ. ಮುಂದೆ ದೊಡ್ಡ ಗಾಜು ಇರುವ ಸೆಲೆಸ್ಟಿಯಲ್ ಮಾದರಿಗೆ ಬಿಡುಗಡೆಯ ಹೊತ್ತಿನಲ್ಲಿ 3.79 ಲಕ್ಷವಿತ್ತು. ಹಿಂದಿನವರಿಗೆ ಒರಗುವ ದಿಂಬೂ ಅದರ ಜೊತೆಗೇ ಬರುತ್ತದೆ. ದೂರ ಓಡಾಡುವವರು ಸೆಕೆಂಡ್ ಹ್ಯಾಂಡಿನಲ್ಲಿ ಇದನ್ನೇ ಹುಡುಕುವುದು ಒಳ್ಳೆಯದು.

ಮನೆಯವರನ್ನು ಕರೆದುಕೊಂಡೇ ಹೋಗಿ. ಕ್ರೂಸರಿನ ಹಿಂದಿನ ಸೀಟು ನೋಡಲು ಚೆಂದ, ಕೂರಲು ಕಿರಿದು. ಒರಗು ಇಲ್ಲದ ಗಾಡಿಯಲ್ಲಿ ಆಕ್ಸಿಲರೇಟರ್ ತಿರುವಿದಾಗಲೆಲ್ಲ ಹಿಂದೆ ಕೂತವರು ಜಾರುತ್ತಾರೆ. ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುವ ಅಮ್ಮನನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಗಾಡಿ ಇದಲ್ಲ. ಅವರು ಕೂತು "ಪರವಾಗಿಲ್ಲಪ್ಪ" ಅಂದರೂ ನಂಬಬೇಡಿ, ಎರಡು ಹಂಪು ಹಾರಿಸಿ ಮತ್ತೆ ಕೇಳಿ.

ವಲ್ಕನ್ ಎಸ್‌ನಲ್ಲಿ ಇನ್ನೊಂದು ಅನುಕೂಲವಿದೆ. ಸೀಟಿನ ಎತ್ತರ 705 ಮಿ.ಮೀ., ಜೊತೆಗೆ ಫುಟ್‌ರೆಸ್ಟನ್ನು ಮೂರು ಜಾಗಗಳಿಗೆ ಹೊಂದಿಸಬಹುದು. ಕುಳ್ಳಗಿರುವವರು ಒಮ್ಮೆ ಕೂತು ನೋಡಲೇಬೇಕಾದ ಗಾಡಿ ಅದು. ಆದರೆ ತಗ್ಗಾದಷ್ಟೂ ಹಂಪಿನ ಕಾಟ ಹೆಚ್ಚು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಗಾಡಿಯ ಮೈ ಓದುವುದು

ಇಷ್ಟಾದ ಮೇಲೂ ಮನಸ್ಸಿದ್ದರೆ ಬಗ್ಗಿ ನೋಡಲು ಶುರುಮಾಡಿ. ಹಗಲು ಹೊತ್ತಿನಲ್ಲಿ, ಗಾಡಿ ತೊಳೆಯುವ ಮೊದಲು ಸಿಕ್ಕರೆ ಉತ್ತಮ. "ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಎಂದು ಫೋನಿನಲ್ಲೇ ಹೇಳಿರಿ. ಹೋದ ಕೂಡಲೇ ಎಂಜಿನ್ ಹತ್ತಿರ ಅಂಗೈ ಒಡ್ಡಿ. ಬೆಚ್ಚಗಿದ್ದರೆ ಬೆಳಿಗ್ಗೆಯ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಡುತ್ತಿರಬಹುದು.

ಬಿದ್ದ ಗುರುತು ಎಲ್ಲಿ ಹುಡುಕಬೇಕು? ಟ್ಯಾಂಕಿನ ಮೇಲಲ್ಲ, ಅದಕ್ಕೆ ಬಣ್ಣ ಹೊಡೆಸಿರುತ್ತಾರೆ. ಬ್ರೇಕ್ ಮತ್ತು ಕ್ಲಚ್ ಲಿವರಿನ ತುದಿಯ ಗುಂಡು, ಹ್ಯಾಂಡಲ್ ತುದಿ, ಫುಟ್‌ರೆಸ್ಟಿನ ಹೊರ ಅಂಚು, ಸೈಲೆನ್ಸರಿನ ಕೆಳಭಾಗ. ಇಲ್ಲಿ ಉಜ್ಜಿದ ಗೀರುಗಳಿದ್ದರೆ ನಿಂತಲ್ಲೇ ಮಗುಚಿರಬಹುದು. ಇಷ್ಟು ತೂಕದ ಗಾಡಿಗೆ ಅದು ಸಹಜ, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬೇರೆ ಕಡೆ. ಹ್ಯಾಂಡಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಚೌಕಟ್ಟಿನ ಮುಂತುದಿಯಲ್ಲಿ ಅದು ಬಂದು ತಾಗಿ ನಿಲ್ಲುವ ಚಿಕ್ಕ ಲೋಹದ ಮೊಟಕನ್ನು ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಅದು ಜಜ್ಜಿದ್ದರೆ, ಬಿರುಕು ಬಿಟ್ಟಿದ್ದರೆ, ಅಥವಾ ಅಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ, ಮುಂದಿನ ಚಕ್ರಕ್ಕೆ ಜೋರು ಪೆಟ್ಟು ಬಿದ್ದು ಹ್ಯಾಂಡಲ್ ರಪ್ಪನೆ ತಿರುಗಿದೆ ಎಂದೇ ಅರ್ಥ. ಅಂಥ ಗಾಡಿಗೆ ಕೈಮುಗಿದು ಬನ್ನಿ.

ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಬೆರಳಾಡಿಸಿ. ಎಣ್ಣೆ ಜಿಡ್ಡು ಹತ್ತಿದರೆ ಆಯಿಲ್ ಸೀಲ್ ಹೋಗಿದೆ. ಕರಾವಳಿಯ ಗಾಡಿಯಾದರೆ ತುಕ್ಕಿನ ಚುಕ್ಕಿಗಳಿವೆಯೇ ನೋಡಿ. ಕೊಳವೆಯಲ್ಲಿ ಗುಳಿ ಬಿದ್ದಿದ್ದರೆ ಸೀಲ್ ಎಷ್ಟು ಸಲ ಹಾಕಿದರೂ ನಿಲ್ಲುವುದಿಲ್ಲ. ಮುಂದಿನ ಬ್ರೇಕ್ ಒತ್ತಿ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲವಾಗಿದೆ ಅಥವಾ ಸವೆದಿದೆ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2323 ಎಂದಿದ್ದರೆ 2023ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಕ್ರೂಸರಿನಲ್ಲಿ ಮೋಸಹೋಗುವುದು ಇಲ್ಲೇ: ರಬ್ಬರ್ ಸವೆದಿರುವುದಿಲ್ಲ, ಆದರೆ ಬಿಸಿಲಲ್ಲಿ ನಿಂತು ಗಟ್ಟಿಯಾಗಿ ಬದಿಯಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಐದು ವರ್ಷ ದಾಟಿದ ಟಯರಿಗೆ ಬದಲಿ ಹಾಕುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ನಿಂತ ಗಾಡಿಯ ಬ್ಯಾಟರಿ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಉಳಿದ ಎಥನಾಲ್ ಬೆರೆತ ಪೆಟ್ರೋಲ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಮುಚ್ಚಳ ತೆರೆದು ಟ್ಯಾಂಕಿನೊಳಗೆ ತುಕ್ಕು ಕಾಣುತ್ತದೆಯೇ ನೋಡಿ.

ಹಿಂದಿನ ಸ್ಪ್ರಾಕೆಟಿನ (ಚೈನ್ ಕೂರುವ ಹಲ್ಲುಚಕ್ರದ) ಹಿಂಭಾಗದಲ್ಲಿ ಚೈನನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಎದ್ದುಬಂದರೆ ಚೈನ್ ಸೆಟ್ ಮುಗಿದಿದೆ. ಸ್ಟ್ರೀಟ್ 750ರಲ್ಲಿ ಚೈನ್ ಬದಲು ಬೆಲ್ಟ್ ಇದೆ. ಎಣ್ಣೆ ಹಾಕುವ ರಗಳೆಯಿಲ್ಲ, ಆದರೆ ಕಲ್ಲು ಸಿಕ್ಕಿ ಹರಿದ ಗುರುತು ಇದೆಯೇ ಎಂದು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಆ ಬೈಕಿನ ವಿಷಯದಲ್ಲಿ ಇನ್ನೊಂದು ಮಾತು. ಹರಿಯಾಣದ ಬಾವಲ್ ಕಾರ್ಖಾನೆಯನ್ನು ಮುಚ್ಚುವುದಾಗಿ ಹಾರ್ಲೆ 2020ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು, ಮುಂದಿನ ತಿಂಗಳೇ ಮಾರಾಟ ಮತ್ತು ಸರ್ವಿಸನ್ನು ಹೀರೋ ಮೋಟೊಕಾರ್ಪ್ ಕೈಗೆ ಕೊಡುವ ಒಪ್ಪಂದ ಪ್ರಕಟವಾಯಿತು. ಸೆಕೆಂಡ್ ಹ್ಯಾಂಡಿನಲ್ಲಿ ಇದರ ಬೆಲೆ ಆಕರ್ಷಕವಾಗಿ ಕಾಣುವುದು ಸಹಜ. ಕೊಳ್ಳುವ ಮುನ್ನ ಹತ್ತಿರದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಬೆಲ್ಟ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್ ಸಿಗುತ್ತವೆಯೇ, ಎಷ್ಟು ದಿನ ಬೇಕು ಎಂದು ಕೇಳಿ.

ಬೇರೆ ಸೈಲೆನ್ಸರ್ ಹಾಕಿಸಿದ ಗಾಡಿಯಾದರೆ ಕಂಪನಿಯದ್ದನ್ನು ಕೇಳಿ ಪಡೆಯಿರಿ. "ಎಲ್ಲೋ ಅಟ್ಟದ ಮೇಲಿದೆ" ಅಂದರೆ ಅಟ್ಟದಿಂದ ಇಳಿಸಿ ತೋರಿಸಿದ ಮೇಲೆಯೇ ಮಾತು. ರಾಜ್ಯದಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೋಡಿಯೇ ಇರುತ್ತೀರಿ. ದಂಡ ಕಟ್ಟುವವರು ಹಳೆಯ ಮಾಲೀಕರಲ್ಲ, ನೀವು.

ಓಡಿಸುವಾಗ

ಟೆಸ್ಟ್ ರೈಡಿಗೆ ಅರ್ಧ ತಾಸು ಬೇಡಿ. ನಂಬಿಕೆ ಸಾಲದಿದ್ದರೆ ಮಾಲೀಕರನ್ನೇ ಹಿಂದೆ ಕೂರಿಸಿಕೊಳ್ಳಿ, ಹಿಂದಿನ ಸಸ್ಪೆನ್ಷನ್ ಪರೀಕ್ಷೆಯೂ ಆದಂತಾಯಿತು. ಖಾಲಿ ಹೆದ್ದಾರಿಯಲ್ಲಿ ಎಳೆದು ನೋಡುವುದಕ್ಕಿಂತ ನಡಿಗೆಯ ವೇಗದಲ್ಲಿ ಓಡಿಸುವುದು ಮುಖ್ಯ. ಅರ್ಧ ಕ್ಲಚ್ಚಿನಲ್ಲಿ, ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟು, ಮೂವತ್ತು ಅಡಿ ರಸ್ತೆಯಲ್ಲಿ ಕಾಲು ಊರದೆ ಯು-ಟರ್ನ್ ಹೊಡೆಯಲು ಆಗುತ್ತದೆಯೇ? ಮೊದಲ ಸಲ ಆಗದಿದ್ದರೂ ಚಿಂತೆಯಿಲ್ಲ, ಕಲಿಯಬಹುದು ಅನಿಸಿದರೆ ಸಾಕು. ಬೆಂಗಳೂರಿನವರು ಗಾಡಿಯನ್ನು ಹತ್ತು ನಿಮಿಷವಾದರೂ ಜಾಮಿನಲ್ಲಿ ನಿಲ್ಲಿಸಿ ತೊಡೆಗೆ ತಟ್ಟುವ ಬಿಸಿಯನ್ನು ಅನುಭವಿಸಿಯೇ ತೀರ್ಮಾನಿಸಲಿ.

ಗೇರ್ ಹಾಕುವಾಗ ನ್ಯೂಟ್ರಲ್ ಸುಲಭವಾಗಿ ಸಿಗಬೇಕು, ಹಾಕಿದ ಗೇರ್ ತಾನಾಗಿ ಜಾರಬಾರದು. ಎರಡೂ ಬ್ರೇಕುಗಳನ್ನು ಬೇರೆಬೇರೆಯಾಗಿ ಹಾಕಿ ನೋಡಿ. ಲಿವರ್ ಮಿಡಿದರೆ ಡಿಸ್ಕ್ ಪ್ಲೇಟ್ ಬಾಗಿರಬಹುದು. ತಿರುವಿನಲ್ಲಿ ಫುಟ್‌ರೆಸ್ಟ್ ರಸ್ತೆಗೆ ಬೇಗ ಉಜ್ಜುವುದು ಕ್ರೂಸರಿನ ಸ್ವಭಾವ. ಆಗುಂಬೆ, ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಇದನ್ನು ಬೇರೆ ಬೈಕಿನ ಹಾಗೆ ಮಲಗಿಸಲು ಹೋಗಬೇಡಿ.

ಕಾಗದಪತ್ರ

ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಫಾರ್ಮ್ 35, ವರ್ಗಾವಣೆಗೆ ಫಾರ್ಮ್ 29 ಮತ್ತು 30. ಬಾಕಿ ಟ್ರಾಫಿಕ್ ದಂಡ ಆನ್‌ಲೈನಿನಲ್ಲೇ ಕಾಣುತ್ತದೆ, ಕಟ್ಟಿಸಿದ ಮೇಲೆಯೇ ಹಣ. ಹೊರರಾಜ್ಯದ ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕರೆ ಕುಣಿಯಬೇಡಿ: ಫಾರ್ಮ್ 28ರ ಎನ್‌ಒಸಿ ತರಿಸಿ, ವರ್ಷದೊಳಗೆ ಇಲ್ಲಿಯ ನಂಬರ್ ಮಾಡಿಸಿ, ಇಲ್ಲಿಯ ಜೀವಾವಧಿ ತೆರಿಗೆ ಕಟ್ಟುವಷ್ಟರಲ್ಲಿ ಉಳಿದ ಹಣವೆಲ್ಲ ಕರಗಿರುತ್ತದೆ.

ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. ಎರಡೂ ಕೀಲಿ ಕೇಳಿ ಪಡೆಯಿರಿ. ಕ್ರ್ಯಾಶ್ ಗಾರ್ಡ್, ಬದಿಯ ಪೆಟ್ಟಿಗೆ, ಬಣ್ಣದ ದೀಪ ಎಂದು ಬೆಲೆ ಏರಿಸಿದರೆ "ಬೇಕಾದರೆ ಬಿಚ್ಚಿಕೊಳ್ಳಿ" ಅನ್ನಿ, ಬಿಚ್ಚಿಕೊಂಡವರು ಕಡಿಮೆ.

ಮನೆಗೆ ತಂದ ಮೇಲೆ

ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್ ಬದಲಿಸಿ. ಸೂಪರ್ ಮೀಟಿಯರಿನ ಎಂಜಿನ್ನಿನಲ್ಲಿ ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸುವುದು ಸ್ಕ್ರೂ ತಿರುವಿ. ಅನುಭವವಿರುವ ಮೆಕ್ಯಾನಿಕ್ ಮಾಡಬಲ್ಲರು. ವಲ್ಕನ್ ಎಸ್‌ನಲ್ಲಿ ಅದಕ್ಕೆ ಶಿಮ್ ಎಂಬ ಲೋಹದ ಬಿಲ್ಲೆ ಬದಲಿಸಬೇಕು, ಸಮಯ ಹೆಚ್ಚು, ಖರ್ಚೂ ಹೆಚ್ಚು.

ಒಂದು ಭಾನುವಾರ ಖಾಲಿ ಮೈದಾನಕ್ಕೆ ಹೋಗಿ ನಿಧಾನದ ತಿರುವು ಅಭ್ಯಾಸ ಮಾಡಿ. ಗಾಡಿ ಒಂದಲ್ಲ ಒಂದು ದಿನ ನಿಂತಲ್ಲೇ ಮಗುಚುತ್ತದೆ. ವಾಲಿದ ಮೇಲೆ ತಡೆಯಲು ಹೋಗಿ ಕಾಲು ಕೊಡಬೇಡಿ, ಬಿಟ್ಟು ಸರಿಯಿರಿ. ಆಮೇಲೆ ಕಿಲ್ ಸ್ವಿಚ್ ಒತ್ತಿ, ಕೀಲಿ ಆರಿಸಿ, ಗೇರಿನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ. ಇಲ್ಲವಾದರೆ ಎತ್ತಿದ ಗಾಡಿ ಎಡಕ್ಕೆ ಉರುಳುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿನ ಹ್ಯಾಂಡಲ್ ತುದಿ, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಅಥವಾ ಚೌಕಟ್ಟನ್ನು ಹಿಡಿದು, ಕೈಯಿಂದಲ್ಲ ತೊಡೆಯ ಬಲದಿಂದ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಏಳಿ. ನಿಂತ ಮೇಲೆ ಕೂಡಲೇ ಸ್ಟಾರ್ಟ್ ಮಾಡಬೇಡಿ. ಕೆಳಗೆ ಪೆಟ್ರೋಲ್, ಆಯಿಲ್ ಸೋರಿದೆಯೇ, ಲಿವರ್ ಬಾಗಿದೆಯೇ, ಆಕ್ಸಿಲರೇಟರ್ ತಿರುವಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರುತ್ತದೆಯೇ ನೋಡಿಕೊಂಡು, ನಾಲ್ಕೈದು ನಿಮಿಷ ಬಿಟ್ಟು ಕೀಲಿ ತಿರುವಿ.